5 ಇಂಚಿನ ಹಳೇ ಟಿವಿ: ಚಿತ್ರ ಇದೆ, ಧ್ವನಿ ಇಲ್ಲ. ಇದು 1953ರ ಸೆಟ್ಟಾ?

ಧೂಳುಡಬ್ಬಿ:

ಎಲ್ಲರಿಗೂ ನಮಸ್ಕಾರ. ಹಳೇ ಸಾಮಾನಿನ ರಾಶಿಯಲ್ಲಿ ಒಂದು ಪುಟಾಣಿ ಕಪ್ಪು ಬಿಳುಪು ಟಿವಿ ಸಿಕ್ಕಿದೆ. ಪರದೆ 5 ಇಂಚು. ಮೇಲೆ ಹಿಡಿಕೆ, ಎಳೆದು ಉದ್ದ ಮಾಡುವ ಆಂಟೆನಾ, ಜೊತೆಗೆ ರೇಡಿಯೊ ಕೂಡ ಇದೆ. ಕಂಪನಿಯ ಹೆಸರಿನ ಪಟ್ಟಿ ಕಿತ್ತುಹೋಗಿದೆ, ಅದಿದ್ದ ಜಾಗದಲ್ಲಿ ಎರಡು ತೂತು ಮಾತ್ರ ಉಳಿದಿವೆ. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆ ನೀಲಿ ಶಾಯಿಯಲ್ಲಿ 53.8 ಅಂತ ಮುದ್ರೆ. ಹಾಗಾದರೆ ಇದು 1953ರದ್ದಾ? ನಿಜವಾದರೆ ಇವತ್ತು ರಾತ್ರಿ ನಿದ್ದೆ ಬರೋದಿಲ್ಲ.

12 ವೋಲ್ಟ್ ಕೊಟ್ಟೆ, ಪರದೆ ಬೆಳಗಿತು. ಡಿವಿಡಿ ಪ್ಲೇಯರಿಗೆ ಮಾಡ್ಯುಲೇಟರ್ (ಚಿತ್ರ, ಧ್ವನಿಯನ್ನು ಟಿವಿ ಚಾನೆಲ್ಲಿನ ಸಿಗ್ನಲ್ ಮಾಡುವ ಡಬ್ಬಿ) ಹಾಕಿ ಆಂಟೆನಾ ಕಡೆಯಿಂದ ಜೋಡಿಸಿದೆ. ಮಾಡ್ಯುಲೇಟರಿನ ಮೇಲೆ ಯುಎಚ್‌ಎಫ್ 36 (ಹೆಚ್ಚಿನ ಫ್ರೀಕ್ವೆನ್ಸಿಯ 36ನೇ ಚಾನೆಲ್) ಅಂತ ಇದೆ, ಟಿವಿಯಲ್ಲಿ ಮಾತ್ರ 36ರಲ್ಲಿ ಏನೂ ಇಲ್ಲ, ಸ್ವಲ್ಪ ಕೆಳಗೆ ತಿರುಗಿಸಿದರೆ ಸಿಗುತ್ತದೆ. ಚಿತ್ರ ಕೆಳಕ್ಕೆ ಓಡುತ್ತಲೇ ಇರುತ್ತದೆ. ಒಂದು ಕ್ಷಣ ನಿಂತರೂ ಮುಖಗಳೆಲ್ಲ ಉದ್ದುದ್ದ. ಧ್ವನಿಯಂತೂ ಬರೀ ‘ಸ್ಸ್‌’. ರೇಡಿಯೊದಲ್ಲಿ ಮೀಡಿಯಂ ವೇವ್ ಚೆನ್ನಾಗಿ ಹಾಡುತ್ತದೆ, ಎಫ್‌ಎಂ ಮಾತ್ರ ಖಾಲಿ. ಎಷ್ಟು ಕಡೆ ಕೆಟ್ಟಿದೆಯೋ ಗೊತ್ತಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಸೋಲ್ಡರ್ ಹೊಗೆ:

ಶುರು ಮಾಡೋದು ಬೇಡ, ಸದ್ಯಕ್ಕೆ ಸ್ಕ್ರೂಡ್ರೈವರ್ ಕೆಳಗಿಡಿ. 12 ವೋಲ್ಟ್ ಕೊಟ್ಟೆ ಅಂತ ಇಷ್ಟು ಸಲೀಸಾಗಿ ಬರೆದಿದ್ದೀರಿ, ಪ್ಲಗ್ಗಿನ ಪ್ಲಸ್ ಮೈನಸ್ ನೋಡಿದ್ರಾ? ಹಳೇ ಸೆಟ್‌ಗಳಲ್ಲಿ ನಡುವಿನ ಪಿನ್ನು ಕೆಲವದರಲ್ಲಿ ಪ್ಲಸ್, ಕೆಲವದರಲ್ಲಿ ಮೈನಸ್. ಉಲ್ಟಾ ಕೊಟ್ಟಿದ್ದರೆ ಈಗ ಬೇರೆಯದೇ ಕಥೆ ಬರೆಯುತ್ತಿದ್ದಿರಿ.

ಡಯಲ್ ಮೇಲಿರುವ ಅಂಕಿಗಳನ್ನೆಲ್ಲ ಬರೆದು ಹಾಕಿ. ಚಾನೆಲ್ ಎಲ್ಲಿಂದ ಎಲ್ಲಿವರೆಗೆ, ಎಫ್‌ಎಂ ಎಲ್ಲಿಂದ ಎಲ್ಲಿವರೆಗೆ, ಹಿಂದುಗಡೆ ಎಷ್ಟು ವೋಲ್ಟ್ ಅಂತಿದೆ, ಟ್ರಾನ್ಸಿಸ್ಟರ್ ಮೇಲೆ ಯಾವ ನಂಬರ್ ಇದೆ.

ಧೂಳುಡಬ್ಬಿ:

ಪೋಲಾರಿಟಿ ನೋಡಿರಲಿಲ್ಲ ಸರ್, ಅದೃಷ್ಟ ಅಷ್ಟೆ. ಈಗ ನೋಡಿದೆ, ಸರಿಯಿದೆ.

ವಿಎಚ್‌ಎಫ್ 1ರಿಂದ 12 (ಕಡಿಮೆ ಫ್ರೀಕ್ವೆನ್ಸಿಯ ಚಾನೆಲ್ಲುಗಳು). ಯುಎಚ್‌ಎಫ್ 13ರಿಂದ 62. ಎಫ್‌ಎಂ 76ರಿಂದ 90. ಹಿಂದೆ ‘100 ವೋಲ್ಟ್, 50/60’ ಅಂತಿದೆ. ಟ್ರಾನ್ಸಿಸ್ಟರ್‌ಗಳ ಮೇಲೆ 2ಎಸ್‌ಸಿ, 2ಎಸ್‌ಬಿ, ಮುಂದೆ ಏನೇನೋ ಅಂಕಿ.

ಮೈಕ್ರೊ ಪ್ರೇಮಿ:

5 ಇಂಚು ಅಂದ್ರೆ ಸೋನಿ ಟಿವಿ5-303 ಇರಬಹುದಾ? 1962ರ ಮೈಕ್ರೊ ಟಿವಿ. ಸಿಕ್ಕಿದ್ದರೆ ನಿಮಗೆ ಲಾಟರಿ.

ಸೋಲ್ಡರ್ ಹೊಗೆ:

ಅಲ್ಲ. ಅದರಲ್ಲಿ ರೇಡಿಯೊ ಇರಲಿಲ್ಲ. ಪರದೆಯ ಅಳತೆ ಒಂದನ್ನೇ ಹಿಡಿದು ಹೆಸರು ಹೇಳಬೇಡಿ ಮಾರಾಯ್ರೆ, 5 ಇಂಚಿನ ಸೆಟ್‌ಗಳು ಬೇಕಾದಷ್ಟು ಬಂದಿವೆ. ಹೆಸರಿನ ಪಟ್ಟಿ ಇದ್ದಿದ್ದರೂ ನಾನು ಅದನ್ನು ಕೊನೆಗೆ ನೋಡುತ್ತಿದ್ದೆ. ಒಬ್ಬರು ಮಾಡಿದ ಸೆಟ್ಟಿಗೆ ಇನ್ನೊಬ್ಬರ ಹೆಸರು ಅಂಟಿಸಿ ಮಾರುವುದು ಆಗ ಮಾಮೂಲು. ಡಯಲ್ ಹಾಗೆ ಸುಳ್ಳು ಹೇಳೋದಿಲ್ಲ.

ನಿಮ್ಮ ಡಯಲ್ ಜಪಾನಿನದು. ಜಪಾನಿನೊಳಗೇ ಮಾರಲು ಮಾಡಿದ ಸೆಟ್, ಹೊರದೇಶಕ್ಕೆ ಕಳಿಸಲು ಮಾಡಿದ್ದಲ್ಲ. ವಿಎಚ್‌ಎಫ್ 1ರಿಂದ 12, ಯುಎಚ್‌ಎಫ್ 13ರಿಂದ 62 ಇದ್ದದ್ದು ಅಲ್ಲಿ. ಅಮೆರಿಕದ್ದಾಗಿದ್ದರೆ 2ರಿಂದ 13, ಆಮೇಲೆ 14ರಿಂದ 83 ಇರುತ್ತಿತ್ತು. ಯುರೋಪಿನದಾದರೆ ಯುಎಚ್‌ಎಫ್ 21ರಿಂದ ಶುರು. ಎಫ್‌ಎಂ 76ರಿಂದ 90, ಕರೆಂಟು 100 ವೋಲ್ಟ್, ಇವೂ ಜಪಾನನ್ನೇ ತೋರಿಸುತ್ತವೆ. ಅಲ್ಲಿ ಅರ್ಧ ದೇಶಕ್ಕೆ 50 ಹರ್ಟ್ಸ್, ಇನ್ನರ್ಧಕ್ಕೆ 60, ಅದಕ್ಕೇ 50/60 ಅಂತ ಬರೆದಿದ್ದಾರೆ. ಟ್ರಾನ್ಸಿಸ್ಟರ್‌ನ 2ಎಸ್ ನಂಬರನ್ನು ಮಾತ್ರ ಸಾಕ್ಷಿಗೆ ತಗೊಳ್ಳಬೇಡಿ. ಅದು ಬಿಡಿಭಾಗ ಜಪಾನಿನ ಪದ್ಧತಿಯದು ಅಂತ ಹೇಳುತ್ತದೆ, ಸೆಟ್ ಯಾವ ದೇಶದಲ್ಲಿ ಮಾರಲು ಮಾಡಿದ್ದು ಅಂತ ಹೇಳೋದಿಲ್ಲ.

ಇನ್ನು ನಿಮ್ಮ ನಿದ್ದೆ. 53 ಅನ್ನೋದು ಶೋವಾ ವರ್ಷ. ಚಕ್ರವರ್ತಿಯ ಆಳ್ವಿಕೆಯ ಲೆಕ್ಕ. ಅದಕ್ಕೆ 1925 ಕೂಡಿಸಿ. 1978, ಆಗಸ್ಟ್. ಜಪಾನಿನಲ್ಲಿ ಟಿವಿ ಪ್ರಸಾರ ಶುರುವಾಗಿದ್ದೇ 1953ರ ಫೆಬ್ರವರಿಯಲ್ಲಿ. ಆಗಿನವೆಲ್ಲ ವಾಲ್ವ್ (ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಬುರುಡೆ) ಸೆಟ್ಟು. ಬ್ಯಾಟರಿಯಲ್ಲಿ ನಡೆಯುವ ಟ್ರಾನ್ಸಿಸ್ಟರ್ ಟಿವಿ ಅಂದರೆ ಮೊದಲು 1959ರ ಫಿಲ್ಕೊ ಸಫಾರಿ. ಅದರಲ್ಲಿ 2 ಇಂಚಿನ ಟ್ಯೂಬಿನ ಚಿತ್ರವನ್ನು ದೊಡ್ಡದು ಮಾಡಿ ತೋರಿಸುತ್ತಿದ್ದರು. ನೇರವಾಗಿ ಟ್ಯೂಬನ್ನೇ ನೋಡುವಂಥದ್ದು 1960ರ ಸೋನಿ ಟಿವಿ8-301. ಬೇಸರ ಬೇಡ, 1978ರ ಸೆಟ್ ಇಟ್ಟುಕೊಂಡು ಓಡಿಸಬಹುದು. 1960ರದ್ದನ್ನು ಹೆಚ್ಚಾಗಿ ಇಟ್ಟುಕೊಂಡು ನೋಡುತ್ತಾ ಕೂರಬೇಕು.

ಈಗ ರಿಪೇರಿ. ನನಗೆ ಕಾಣುವ ಹಾಗೆ ನಿಮ್ಮ ಸೆಟ್ ಕೆಟ್ಟೇ ಇಲ್ಲ. ನೀವು ಅದಕ್ಕೆ ಬೇರೆ ಊರಿನ ಭಾಷೆಯಲ್ಲಿ ಮಾತಾಡಿಸುತ್ತಿದ್ದೀರಿ, ಅಷ್ಟೆ. ಅದು ಸೆಕೆಂಡಿಗೆ 60 ಸಲ ಪರದೆ ತುಂಬಿಸುವ 525 ಗೆರೆಯ ಸೆಟ್. ಪ್ಲೇಯರ್ ಕೊಡುತ್ತಿರುವುದು 50 ಸಲದ 625 ಗೆರೆ. ಅದಕ್ಕೇ ಚಿತ್ರ ಓಡುತ್ತದೆ. ನಿಂತಾಗಲೂ ಗೆರೆ ಕೆಳಗಿಳಿಯಲು ಸಮಯ ಜಾಸ್ತಿ ಸಿಗುವುದರಿಂದ ಮುಖ ಉದ್ದವಾಗುತ್ತದೆ. ಅಡ್ಡಗೆರೆಯ ವೇಗ ಎರಡರಲ್ಲೂ ಹತ್ತಿರ ಹತ್ತಿರ (15,625 ಮತ್ತು 15,734 ಹರ್ಟ್ಸ್), ಹಾಗಾಗಿ ಚಿತ್ರ ಓರೆಯಾಗಿ ಹರಿಯುತ್ತಿಲ್ಲ. ಪ್ಲೇಯರಿನ ಮೆನುವಿನಲ್ಲಿ ನಿಮ್ಮ ಸೆಟ್ಟಿನ 525 ಗೆರೆಯ ಪದ್ಧತಿ, ಅಂದರೆ ಎನ್‌ಟಿಎಸ್‌ಸಿ ಆರಿಸಿ.

36 ಸಿಗಲಿಲ್ಲ ಅಂದಿರಲ್ಲ, ಡಯಲ್ 33ರ ಹತ್ತಿರ ಇತ್ತಾ? ಯುರೋಪಿನ 36ಕ್ಕೂ ಜಪಾನಿನ 33ಕ್ಕೂ ಚಿತ್ರದ ಫ್ರೀಕ್ವೆನ್ಸಿ ಒಂದೇ, 591.25 ಮೆಗಾಹರ್ಟ್ಸ್.

ಧ್ವನಿ ಮೆನುವಿನಲ್ಲಿ ಸರಿಹೋಗೋದಿಲ್ಲ. ಟಿವಿ ಸಿಗ್ನಲ್‌ನಲ್ಲಿ ಚಿತ್ರಕ್ಕೂ ಧ್ವನಿಗೂ ನಡುವೆ ಒಂದು ಅಂತರ ಇರುತ್ತದೆ. ನಿಮ್ಮ ಸೆಟ್ಟಿನಲ್ಲಿ ಅದು 4.5 ಮೆಗಾಹರ್ಟ್ಸ್. ನಿಮ್ಮ ಮಾಡ್ಯುಲೇಟರ್ 5.5 ಇಡುತ್ತಿರಬೇಕು, ಬ್ರಿಟನ್ನಿನದಾದರೆ 6. ಸೆಟ್ ಧ್ವನಿಯನ್ನು ಹುಡುಕುವ ಜಾಗದಲ್ಲಿ ಅದು ಇಲ್ಲವೇ ಇಲ್ಲ. ಇದಕ್ಕಾಗಿ ಒಳಗಿನ ಕಾಯಿಲ್‌ನ ಫೆರೈಟ್ (ಟ್ಯೂನ್ ಮಾಡುವ ತಿರುಪು) ತಿರುಗಿಸಲು ದಯವಿಟ್ಟು ಹೋಗಬೇಡಿ. ಆ ವಯಸ್ಸಿನ ಫೆರೈಟ್ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. 4.5 ಆರಿಸಬಹುದಾದ ಮಾಡ್ಯುಲೇಟರ್ ತಗೊಳ್ಳಿ, ಯುಎಚ್‌ಎಫ್‌ನಲ್ಲಿ ಕೊಡುವಂಥದ್ದು. 3 ಅಥವಾ 4ನೇ ಚಾನೆಲ್ ಕೊಡುವ ಅಮೆರಿಕದ ಹಳೇ ಡಬ್ಬಿ ಬೇಡ. ಅದು 61 ಅಥವಾ 67 ಮೆಗಾಹರ್ಟ್ಸ್‌ನಲ್ಲಿ ಕೊಡುತ್ತದೆ, ಜಪಾನಿನ 1ನೇ ಚಾನೆಲ್ ಶುರುವಾಗುತ್ತಿದ್ದುದೇ 90ಕ್ಕೆ.

ವಾಲ್ವ್ ಕಾಲದವ:

ಸೋಲ್ಡರ್ ಹೊಗೆ ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಆ 100 ವೋಲ್ಟಿನ ತಂತಿಯನ್ನು 220-230ರ ಗೋಡೆಗೆ ಸಿಕ್ಕಿಸಬೇಡಿ, 12 ವೋಲ್ಟಿನಲ್ಲೇ ಓಡಿಸಿ. ಮುಚ್ಚಳ ತೆಗೆದಾಗ ಟ್ಯೂಬಿನ ರಬ್ಬರ್ ಟೋಪಿಯ ಹತ್ತಿರ ಕೈ ಬೇಡ, ಸ್ವಿಚ್ ಆಫ್ ಆದ ಮೇಲೂ ಅಲ್ಲಿ ಚಾರ್ಜ್ ಉಳಿದಿರುತ್ತದೆ. ಟ್ಯೂಬಿನ ಕತ್ತು ತಗುಲಿ ಬಿರುಕು ಬಿಟ್ಟರೆ ಗಾಳಿ ನುಗ್ಗುತ್ತದೆ, ಒಳಗಿನ ಬೆಳ್ಳಿಬಣ್ಣದ ಮಚ್ಚೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ಅದು ಶೋಕೇಸಿಗೆ ಮಾತ್ರ.

ಧೂಳುಡಬ್ಬಿ:

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಡಯಲ್ 33ರ ಮೇಲೇ ಇತ್ತು! ಎನ್‌ಟಿಎಸ್‌ಸಿ ಮಾಡಿದ ತಕ್ಷಣ ಚಿತ್ರ ಕಂಬದ ಹಾಗೆ ನಿಂತಿತು. ಮುಖಗಳೂ ಗುಂಡಗಾದವು.

ಈಗ ಹೊಸ ತಕರಾರು. ಹತ್ತು ನಿಮಿಷ ಓಡಿದ ಮೇಲೆ ಚಿತ್ರದ ಕೆಳಭಾಗ ಕುಗ್ಗಿ ಮೇಲಕ್ಕೆ ಬರುತ್ತದೆ. ಕೆಳಗೆ ಒಂದು ಬೆರಳಿನಷ್ಟು ಕಪ್ಪು ಪಟ್ಟಿ. ಇದೂ ಭಾಷೆಯ ತೊಂದರೆನಾ?

ಸೋಲ್ಡರ್ ಹೊಗೆ:

ಇಲ್ಲ, ಇದು ನಿಜವಾದ ವಯಸ್ಸಿನ ಕಾಯಿಲೆ. ಬಿಸಿಯಾದ ಮೇಲೆ ಬರುತ್ತದೆ ಅಂದರೆ ಚಿತ್ರವನ್ನು ಮೇಲಿಂದ ಕೆಳಕ್ಕೆ ಹರಡುವ ವರ್ಟಿಕಲ್ ವಿಭಾಗದ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್‌ಗಳ ಮೇಲೆ ಮೊದಲ ಅನುಮಾನ. ಔಟ್‌ಪುಟ್‌ನಿಂದ ಯೋಕಿಗೆ (ಟ್ಯೂಬಿನ ಕತ್ತಿನ ಸುತ್ತಲಿನ ಕಾಯಿಲ್) ಹೋಗುವ ದಪ್ಪದ್ದೊಂದು ಇರುತ್ತದೆ, ಅದರಿಂದಲೇ ಶುರು ಮಾಡಿ. ಮೈಕ್ರೊಫ್ಯಾರಡ್ ಅದೇ ಇರಲಿ, ವೋಲ್ಟು ಅಷ್ಟೇ ಅಥವಾ ಜಾಸ್ತಿ ಇದ್ದರೆ ಪರವಾಗಿಲ್ಲ, ಪ್ಲಸ್ ಮೈನಸ್ ತಪ್ಪಬಾರದು. ಹಾಗೇ ಯೋಕ್ ತಂತಿಗಳ ಬೆಸುಗೆಯನ್ನೂ ನೋಡಿ, ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆಗಿರಬಹುದು.

ಕೆಲಸ ಮಾಡುವಾಗ ಚಿತ್ರ ಪೂರ್ತಿ ಕುಸಿದು ಪರದೆಯ ನಡುವೆ ಒಂದೇ ಒಂದು ಪ್ರಕಾಶಮಾನ ಗೆರೆ ಉಳಿದರೆ ತಕ್ಷಣ ಬ್ರೈಟ್‌ನೆಸ್ ಇಳಿಸಿ. ಹಾಗೇ ಬಿಟ್ಟರೆ ಪರದೆಯ ಲೇಪ ಸುಟ್ಟು ಆ ಗೆರೆ ಶಾಶ್ವತವಾಗುತ್ತದೆ. ನನ್ನ ಕಪಾಟಿನಲ್ಲಿ ಅಂಥದ್ದೊಂದು ಇದೆ, ನನ್ನದೇ ಕೈಗುಣ.

ಧೂಳುಡಬ್ಬಿ:

ದಪ್ಪನೆಯ ಕಂಡೆನ್ಸರ್ ಬುಡದಲ್ಲಿ ಕಂದು ಅಂಟು ಸೋರಿತ್ತು. ಅದನ್ನೂ ಪಕ್ಕದ್ದನ್ನೂ ಬದಲಿಸಿದೆ. ಒಂದೂವರೆ ಗಂಟೆ ಓಡಿಸಿದೆ, ಚಿತ್ರ ಕುಗ್ಗಲಿಲ್ಲ. 4.5ರ ಮಾಡ್ಯುಲೇಟರ್ ನಿನ್ನೆ ಬಂತು, ಧ್ವನಿಯೂ ಬಂತು. ಕಂಪನಿ ಯಾವುದು ಅಂತ ಇನ್ನೂ ಗೊತ್ತಾಗಿಲ್ಲ, ಮುಚ್ಚಳದ ಒಳಗಿನ ಅಚ್ಚಿನ ನಂಬರಿನ ಫೋಟೊ ನಾಳೆ ಹಾಕುತ್ತೇನೆ.

ಎಫ್‌ಎಂ ಯಾಕೆ ಖಾಲಿ ಅನ್ನೋದೂ ಅರ್ಥವಾಯ್ತು. ಇಲ್ಲಿನ ಸ್ಟೇಷನ್‌ಗಳೆಲ್ಲ 90ರಿಂದ ಮೇಲೆ, ಡಯಲ್ ಅಲ್ಲಿಗೇ ಮುಗಿಯುತ್ತದೆ. 89ರ ಹತ್ತಿರ ಒಂದೇ ಒಂದು ಸಿಗುತ್ತಿದೆ, ಗೊರಗೊರ ಅನ್ನುತ್ತಾ.