ಆರ್ವೊ ಪ್ಯಾರ್ಟ್ ಅವರ ‘ಫ್ಯೂರ್ ಅಲೀನಾ’: ಎರಡೇ ಪುಟ, ಆದರೂ ಕೂರುತ್ತಿಲ್ಲ

ಕಪ್ಪುಬಿಳಿ_ಮನೆ:
ಬಸವನಗುಡಿಯ ಒಂದು ಮನೆಯಲ್ಲಿ ಮೂವತ್ತು ನಲವತ್ತು ಜನರ ಮುಂದೆ ಎಸ್ಟೋನಿಯಾದ ಸಂಯೋಜಕ ಪ್ಯಾರ್ಟ್ ಅವರ ಈ ಪಿಯಾನೊ ಕೃತಿಯನ್ನು ನುಡಿಸಬೇಕಿದೆ. ಸ್ವರಗಳು ಬೇಗ ಕೈಗೆ ಬಂದವು, ಆದರೆ ಕೇಳಿದರೆ ಬರೀ ಟಿಣ್ ಟಿಣ್. ಎಡಗೈ ಸ್ವರಗಳ ಹಿಂದಿನ ಲೆಕ್ಕ ಏನು? ದನಿ ಉಳಿಸಲು ಕಾಲಲ್ಲಿ ಒತ್ತುವ ಪೆಡಲ್ ಎಲ್ಲಿ ಬಿಡಬೇಕು? ಅಲ್ಲಿ ಹಳೆಯ ಅಪ್‌ರೈಟ್ (ನಿಂತ ಪೆಟ್ಟಿಗೆಯ) ಪಿಯಾನೊ ಇದೆ, ಬೇಡವೆಂದರೆ ಡಿಜಿಟಲ್ ಒಯ್ಯಬಹುದು. ಕೇಳಲು ಬರುವವರು ಹೆಚ್ಚಾಗಿ ಕರ್ನಾಟಕ ಸಂಗೀತದವರು. ಮೊದಲು ಅವರಿಗೆ ಎರಡು ಮಾತು ಏನು ಹೇಳಲಿ?

ಮಂದ್ರಪಂಚಮ:
ಲೆಕ್ಕದಿಂದ ಶುರು ಮಾಡಿ, ಟಿಣ್ ಟಿಣ್‌ಗೆ ಕಾರಣ ಅಲ್ಲೇ ಇದೆ. ಪ್ಯಾರ್ಟ್ 1976ರಲ್ಲಿ ಈ ಕೃತಿಯಿಂದ ಆರಂಭಿಸಿದ ಪದ್ಧತಿಗೆ ಟಿಂಟಿನ್ನಾಬುಲಿ ಎಂದು ಹೆಸರು; ಲ್ಯಾಟಿನ್‌ನಲ್ಲಿ ಕಿರುಗಂಟೆಗಳು ಅಂತ. ಇರುವುದು ಎರಡು ದನಿ. ಒಂದು ಹಾಡುತ್ತದೆ, ಇನ್ನೊಂದಕ್ಕೆ ಟ್ರಯಡ್‌ನ, ಅಂದರೆ ಮೂರು ಸ್ವರದ ಗುಚ್ಛದ, ಮೂರೇ ಸ್ವರ. ಕೃತಿ ಬಿ ಮೈನರ್‌ನಲ್ಲಿದೆ. ಬಿ ನಿಮ್ಮ ಷಡ್ಜ ಅಂದುಕೊಂಡರೆ ನಠಭೈರವಿ ರಾಗದ ಸ್ವರಗಳು; ಎಡಗೈಗೆ ಸಿಗುವುದು ಸ, ಗ, ಪ ಅಷ್ಟೇ.

ನಿಯಮ: ಬಲಗೈ ಸ್ವರದ ಕೆಳಗೆ ತೀರ ಹತ್ತಿರ ಇರುವ ಟ್ರಯಡ್ ಸ್ವರ ಎಡಗೈಯದು. ರಿ ಬಂದರೆ ಸ, ಗ ಬಂದರೂ ಸ. ಮ, ಪ ಎರಡಕ್ಕೂ ಗ. ಧ, ನಿ, ಮೇಲಿನ ಸ ಮೂರಕ್ಕೂ ಪ. ಸ್ಥಾಯಿ ಬಿಡಿ, ಸ್ವರದ ಹೆಸರಿನ ಲೆಕ್ಕ ಇದು. ಬಲಗೈ ಹಾಡದೆ ಎಡಗೈ ಸ್ವರವನ್ನು ಬಾಯಲ್ಲಿ ಹೇಳುತ್ತಾ ಒಂದು ಸುತ್ತು ನುಡಿಸಿ ನೋಡಿ.

ಎಡವುವುದು ರಿ–ಸ, ಮ–ಗ ಜೋಡಿಗಳಲ್ಲಿ. ಅವು ಕಚ್ಚುತ್ತವೆ, ತಪ್ಪು ಒತ್ತಿದೆ ಅನ್ನಿಸಿ ಕೈ ತಾನಾಗಿ ಮೆತ್ತಗಾಗುತ್ತದೆ, ಇಲ್ಲವೇ ಎಡಗೈ ಕೂದಲೆಳೆಯಷ್ಟು ತಡವಾಗುತ್ತದೆ. ಎರಡೂ ಬೇಡ. ಕೈಗಳು ಒಟ್ಟಿಗೇ ಬೀಳಬೇಕು, ತೂಕ ಬಲಕ್ಕೆ ತುಸು ಹೆಚ್ಚು.

ತಾಳವಿಲ್ಲ, ಆದರೆ ಎಣಿಕೆ ಇದೆ. ಒಟ್ಟು 15 ಬಾರ್, ಅಂದರೆ ಬರಹದಲ್ಲಿ ಗೆರೆ ಎಳೆದು ಬೇರ್ಪಡಿಸಿದ ತುಂಡುಗಳು. ಮೊದಲನೆಯದು ಕೆಳಗಿನ ಬಿ ಮಾತ್ರ. ಆಮೇಲೆ ಬಾಲವಿಲ್ಲದ ಕಪ್ಪು ಚುಕ್ಕೆಯಾಗಿ ಬರೆದ ಸ್ವರಗಳು 1ರಿಂದ 7ರವರೆಗೆ ಬೆಳೆದು, ಮತ್ತೆ 7ರಿಂದ 1ಕ್ಕೆ ಇಳಿಯುತ್ತವೆ. ಪ್ರತಿ ಬಾರ್ ಒಂದು ದೀರ್ಘ ಸ್ವರದಲ್ಲಿ ನಿಲ್ಲುತ್ತದೆ. ಗೋಪುಚ್ಛ ಯತಿ (ಕುಗ್ಗುತ್ತಾ ಹೋಗುವುದು), ಸ್ರೋತೋವಹ ಯತಿ (ಹಿಗ್ಗುತ್ತಾ ಹೋಗುವುದು) ಗೊತ್ತಿದ್ದವರಿಗೆ ಈ ಆಕಾರ ಹೊಸದಲ್ಲ. ನಡುವಿನ ಉದ್ದದ ಬಾರ್‌ಗಳಲ್ಲಿ ಓಡಬೇಡಿ, ಎಲ್ಲರೂ ಓಡುವುದು ಅಲ್ಲೇ.

ಸೆಂಟ್_ಲೆಕ್ಕ:
ಪೆಡಲ್ ವಿಷಯ. ಮೊದಲ ಬಿ ಜೊತೆ ಒತ್ತಿದ್ದು 11ನೇ ಬಾರ್‌ವರೆಗೆ ಬಿಡುವ ಹಾಗಿಲ್ಲ. ಅಲ್ಲಿ ಎಡಗೈ ಇಡೀ ಕೃತಿಯಲ್ಲಿ ಒಂದೇ ಸಲ ನಿಯಮ ಮುರಿದು ಸಿ ಶಾರ್ಪ್ ಹಿಡಿಯುತ್ತದೆ, ಅಂದರೆ ರಿ. ಪೆಡಲ್ ಎತ್ತುವುದು ಆ ಜಾಗದಲ್ಲಿ. ಪ್ಯಾರ್ಟ್ ಅಲ್ಲಿ ಒಂದು ಹೂವನ್ನೂ ಬರೆದಿಟ್ಟಿದ್ದಾರೆ.

ಮೊದಲ ಬಿಯನ್ನು ಗುದ್ದಬೇಡಿ. ಕೆಳಗಿನ ತಂತಿಯ ಐದನೇ ಅನುಸ್ವರ (ಮೂಲ ಸ್ವರದೊಳಗೆ ತಾನಾಗಿ ಕೇಳುವ ಮೇಲಿನ ದನಿ) ಡಿ ಶಾರ್ಪ್, ಅಂತರ ಗಾಂಧಾರ. ಕೃತಿಯಲ್ಲಿರುವುದು ಅದಕ್ಕಿಂತ ಅರ್ಧ ಮೆಟ್ಟಿಲು ಕೆಳಗಿನ ಡಿ, ಸಾಧಾರಣ ಗಾಂಧಾರ. ಬಿ ಜೋರಾದರೆ ಎರಡು ಗಾಂಧಾರ ಹೊಡೆದಾಡುತ್ತವೆ. ಮೆಲ್ಲಗೆ ಒತ್ತಿ, ದನಿ ಅರಳಿ ತುಸು ಇಳಿದ ಮೇಲೆ ಮುಂದೆ ಹೋಗಿ.

ನನ್ನ ಮತ ಅಪ್‌ರೈಟ್‌ಗೆ. ಪೆಡಲ್ ಒತ್ತಿ, ತಂತಿಯ ದನಿ ತಡೆಯುವ ಡ್ಯಾಂಪರ್ ಎತ್ತಿದಾಗ ಮಿಕ್ಕ ತಂತಿಗಳು ತಾವಾಗಿ ಮಿಡಿಯುತ್ತವೆ, ಈ ಸಂಗೀತಕ್ಕೆ ಬೇಕಿರುವುದು ಅದೇ. ಆದರೆ ಮಳೆಗಾಲದ ತೇವಕ್ಕೆ ಸೌಂಡ್‌ಬೋರ್ಡ್ (ದನಿ ಹೊಮ್ಮಿಸುವ ಮರದ ಹಲಗೆ) ಉಬ್ಬಿ ಶ್ರುತಿ ಏರುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಕಾರ್ಯಕ್ರಮಕ್ಕೆ ಎರಡು ಮೂರು ದಿನ ಮೊದಲು ಟ್ಯೂನ್ ಮಾಡಿಸಿ. ಮೇಲಿನ ಭಾಗದಲ್ಲಿ ಒಂದು ಕೀಗೆ ಮೂರು ತಂತಿ; ಅವು ಒಂದಕ್ಕೊಂದು ಕೂಡದಿದ್ದರೆ ವೇಗದ ಕೃತಿಯಲ್ಲಿ ಮುಚ್ಚಿಹೋಗುತ್ತದೆ, ಇಲ್ಲಿ ಒಂದೊಂದು ಸ್ವರವೂ ಅಲುಗಾಡುತ್ತದೆ. ಯೂನಿಸನ್ (ಆ ಮೂರು ತಂತಿಗಳ ಹೊಂದಿಕೆ) ಮೊದಲು ಸರಿ ಮಾಡಿ ಅಂತ ಟ್ಯೂನರ್‌ಗೆ ಬಾಯಿಬಿಟ್ಟು ಹೇಳಿ.

ಡಿಜಿಟಲ್ ಆದರೆ ಡ್ಯಾಂಪರ್ ರೆಸೊನೆನ್ಸ್ (ಆ ಮಿಡಿತದ ಅನುಕರಣೆ) ಆನ್, ರಿವರ್ಬ್ (ಕೃತಕ ಪ್ರತಿಧ್ವನಿ) ಆದಷ್ಟು ಕಡಿಮೆ. ಕೆಳಗಿನ ಬಿ ಒಂದನ್ನೇ ಹಿಡಿದು ಅರ್ಧ ನಿಮಿಷ ಕೇಳಿ. ದನಿ ಒಂದೇ ತುಣುಕಾಗಿ ಸುತ್ತುತ್ತಿದೆ ಅನ್ನಿಸಿದರೆ ಆ ಯಂತ್ರ ಬೇಡ.

ನಿಧಾನ_ಗತಿ:
ರೆಕಾರ್ಡಿಂಗ್ ನೋಡಿ ವೇಗ ಹಿಡಿಯುವವರಿಗೆ ಒಂದು ಎಚ್ಚರಿಕೆ. ಇಸಿಎಂ ಎಂಬ ರೆಕಾರ್ಡಿಂಗ್ ಕಂಪನಿಯ 1999ರ ‘ಅಲೀನಾ’ ಆಲ್ಬಮ್‌ನಲ್ಲಿ ಪಿಯಾನೊ ವಾದಕ ಅಲೆಕ್ಸಾಂಡರ್ ಮಾಲ್ಟರ್ ನುಡಿಸಿದ್ದು ಹತ್ತು ನಿಮಿಷ ದಾಟುತ್ತದೆ. ಅದು ಹಿಗ್ಗಿಸಿದ ರೂಪ. ಬರೆದದ್ದನ್ನು ಒಂದು ಸಲ ನುಡಿಸಿದರೆ ಎರಡು ಮೂರು ನಿಮಿಷ. ಹತ್ತು ನಿಮಿಷಕ್ಕೆ ಎಳೆಯಲು ಹೋದರೆ ಸ್ವರಗಳ ನಡುವಿನ ನಂಟೇ ತಪ್ಪುತ್ತದೆ.

ಮೊದಲು ಹೇಳುವ ಮಾತಿಗೆ: ಪ್ಯಾರ್ಟ್ ಹುಟ್ಟಿದ್ದು 1935ರ ಸೆಪ್ಟೆಂಬರ್ 11, ಎಸ್ಟೋನಿಯಾದ ಪೈಡೆಯಲ್ಲಿ. ಟ್ಯಾಲಿನ್‌ನಲ್ಲಿ ಸಂಯೋಜಕ ಹೈನೊ ಎಲ್ಲರ್ ಅವರ ಶಿಷ್ಯ, ರೇಡಿಯೊದಲ್ಲಿ ಸೌಂಡ್ ಎಂಜಿನಿಯರ್. 1960ರ ‘ನೆಕ್ರೊಲಾಗ್’ ಹನ್ನೆರಡು ಸ್ವರಗಳಿಗೂ ಸಮಾನ ಸ್ಥಾನ ಕೊಡುವ ಪದ್ಧತಿಯದು. 1968ರ ‘ಕ್ರೆಡೊ’ದಲ್ಲಿ ಕ್ರಿಸ್ತನ ಮೇಲಿನ ನಂಬಿಕೆಯನ್ನು ನೇರವಾಗಿ ಹಾಡಿಸಿದ್ದು ಸೋವಿಯತ್ ಅಧಿಕಾರಿಗಳ ಕಣ್ಣು ಕೆಂಪಾಗಿಸಿತು. ಆಮೇಲೆ ಎಂಟು ವರ್ಷ ಏನೂ ಬರೆಯಲಿಲ್ಲ ಅನ್ನುವುದು ಉತ್ಪ್ರೇಕ್ಷೆ; 1971ರಲ್ಲಿ ಮೂರನೇ ಸಿಂಫನಿ ಬಂದಿದೆ. ಆ ವರ್ಷಗಳಲ್ಲಿ ಅವರು ಮುಳುಗಿದ್ದು ಗ್ರೆಗೋರಿಯನ್ ಪಠಣ ಎಂಬ ಹಳೆಯ ಚರ್ಚ್ ಗಾಯನದಲ್ಲಿ. 1980ರಲ್ಲಿ ದೇಶ ಬಿಟ್ಟು ವಿಯೆನ್ನಾಗೆ, ಅಲ್ಲಿಂದ ಬರ್ಲಿನ್‌ಗೆ.

ತಂಬೂರಿ ಕಿವಿಯವರಿಗೆ 1977ರ ‘ಕ್ಯಾಂಟಸ್’ ಹೆಸರೂ ಹೇಳಿ. ಅದರಲ್ಲಿರುವುದು ತಂತಿವಾದ್ಯಗಳು, ಜೊತೆಗೆ ಬಾರಿಸುವ ಒಂದು ಗಂಟೆ. ಎ ಮೈನರ್‌ನ ಅವರೋಹಣ ಒಂದೇ, ಅದನ್ನೇ ಐದು ದನಿಗಳು ಐದು ಕಾಲದಲ್ಲಿ ಇಳಿಸುತ್ತವೆ, ಪ್ರತಿಯೊಂದು ಹಿಂದಿನದರ ಅರ್ಧ ವೇಗ. ಕೊನೆಗೆ ತಂತಿಗಳು ನಿಂತಾಗ ಗಂಟೆಯ ಗುಂಗಿನಿಂದ ಸಿ ಶಾರ್ಪ್ ಏಳುತ್ತದೆ. ತಂಬೂರಿಯಲ್ಲಿ ತಾನಾಗಿ ಕೇಳುವ ನಮ್ಮ ಸ್ವಯಂಭೂ ಗಾಂಧಾರದ ಬಂಧು.

ಮಂದ್ರಪಂಚಮ:
ಬಂಧು ಸರಿ. ಆದರೆ ಎಡಗೈಯನ್ನೇ ತಂಬೂರಿ ಅನ್ನಬೇಡಿ. ತಂಬೂರಿ ನಿಂತಲ್ಲೇ ನಿಲ್ಲುತ್ತದೆ, ಇದು ಬಲಗೈ ಹೋದಲ್ಲಿ ಹಿಂದೆ ಹೋಗುತ್ತದೆ. ತಂಬೂರಿಯ ಕೆಲಸ ಇಲ್ಲಿ ಕೆಳಗಿನ ಬಿಯದು.

ಕಪ್ಪುಬಿಳಿ_ಮನೆ:
ಎಡಗೈ ಬಾಯಲ್ಲಿ ಹೇಳಿದ ಮೇಲೆ ಬಹಳ ಸರಿಹೋಯಿತು. 11ರಲ್ಲಿ ಪೆಡಲ್ ಎತ್ತಿದಾಗ ಧಪ್ ಅನ್ನುತ್ತದೆ, ಏನು ಮಾಡಲಿ?

ಸೆಂಟ್_ಲೆಕ್ಕ:
ಹಿಮ್ಮಡಿ ನೆಲದಲ್ಲೇ ಇರಲಿ, ಪಾದವನ್ನು ಪೆಡಲ್‌ನಿಂದ ಬಿಡಿಸದೆ ನಿಧಾನ ಮೇಲೆ ಬನ್ನಿ. ಆಗಲೂ ಶಬ್ದ ಬಂದರೆ ಪೆಡಲ್ ಸರಳಿನ ಫೆಲ್ಟ್ ಸವೆದಿದೆ. ಟ್ಯೂನರ್ ಬಂದಾಗ ಅದನ್ನೂ ಬದಲಿಸಿ. ಫ್ಯಾನ್ ಆಫ್ ಮಾಡಿಸುವುದು ಮರೆಯಬೇಡಿ.