ಸೈಬರ್ ಸೆಕ್ಯುರಿಟಿಗೆ ಸೇನೆಯೋ, ನೌಕಾಪಡೆಯೋ, ವಾಯುಪಡೆಯೋ?

ಕಡೂರು ಪ್ಯಾಸೆಂಜರ್: ತಂಗಿ ವಿಟಿಯು ಕಾಲೇಜಲ್ಲಿ ಬಿಇ ಕೊನೇ ವರ್ಷ. ಡಿಗ್ರಿ ಕಂಪ್ಯೂಟರ್ ಸೈನ್ಸ್, ಬ್ರಾಕೆಟ್ಟಲ್ಲಿ ಸೈಬರ್ ಸೆಕ್ಯುರಿಟಿ ಅಂತಿದೆ. ಆಫೀಸರ್ ಆಗಿ ಸೇರಿ ಇದೇ ಕೆಲಸ ಮಾಡಬೇಕು ಅನ್ನೋದು ಅವಳ ಹಟ. ಮೂರರಲ್ಲಿ ಯಾವುದಕ್ಕೆ ಹಾಕಿದರೆ ಒಳ್ಳೇದು? ಡಿಫೆನ್ಸ್ ಸೈಬರ್ ಏಜೆನ್ಸಿಗೆ ನೇರವಾಗಿ ಸೇರಬಹುದಾ?

ತಂತಿ ಟಪಾಲು: ಕೊನೇ ಪ್ರಶ್ನೆಗೆ ಮೊದಲು ಉತ್ತರ: ಆಗಲ್ಲ. ಅದು ಮೂರೂ ಪಡೆಗಳ ಜಂಟಿ ಸಂಸ್ಥೆ. ಈಗಾಗಲೇ ಸೇವೆಯಲ್ಲಿರೋರನ್ನೇ ಅಲ್ಲಿಗೆ ಪೋಸ್ಟಿಂಗ್ ಮೇಲೆ ಕಳಿಸ್ತಾರೆ.

ಹೆಸರಲ್ಲೇ ಐಟಿ ಇರೋ ಎಂಟ್ರಿ ನೌಕಾಪಡೆಯದು: ಎಸ್‌ಎಸ್‌ಸಿ (ಶಾರ್ಟ್ ಸರ್ವಿಸ್ ಕಮಿಷನ್, ಅಂದ್ರೆ ನಿಗದಿತ ವರ್ಷಗಳ ಆಫೀಸರ್ ಸೇವೆ) ಎಕ್ಸಿಕ್ಯುಟಿವ್, ಇನ್ಫರ್ಮೇಶನ್ ಟೆಕ್ನಾಲಜಿ. ಲಿಖಿತ ಪರೀಕ್ಷೆ ಇಲ್ಲ. ಕೊನೇ ವರ್ಷದವರಾದರೆ ಐದನೇ ಸೆಮಿಸ್ಟರ್‌ವರೆಗಿನ ಅಂಕ ನೋಡಿ ಎಸ್‌ಎಸ್‌ಬಿಗೆ, ಅಂದ್ರೆ ಆಫೀಸರ್ ಆಯ್ಕೆ ಮಂಡಳಿಯ ಸಂದರ್ಶನಕ್ಕೆ, ಕರೀತಾರೆ. ಡಿಗ್ರಿಯಲ್ಲಿ 60% ಇದ್ದರೆ ಸಾಲದು, ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯುಸಿ ಇಂಗ್ಲಿಷಲ್ಲೂ 60 ಬೇಕು. ಬಹಳ ಜನ ಎಡವೋದು ಇಲ್ಲೇ. ಟ್ರೈನಿಂಗ್ ಕೇರಳದ ಎಳಿಮಲದಲ್ಲಿ.

ಸೇನೆಯಲ್ಲಿ ಸೈಬರ್ ಕೆಲಸ ಹೆಚ್ಚಾಗಿ ಸಂಪರ್ಕ ಜಾಲ ನೋಡಿಕೊಳ್ಳೋ ಕೋರ್ ಆಫ್ ಸಿಗ್ನಲ್ಸ್ ಕೈಲಿದೆ. ಮೂರರಲ್ಲೂ ದೊಡ್ಡ ಜಾಲ ಇವರದೇ. 2023ರಲ್ಲಿ ಕಮಾಂಡ್ ಸೈಬರ್ ಆಪರೇಶನ್ಸ್ ಅಂಡ್ ಸಪೋರ್ಟ್ ವಿಂಗ್ ಅನ್ನೋ ಸೈಬರ್ ಘಟಕಗಳನ್ನ ಕಟ್ಟೋ ತೀರ್ಮಾನ ಆಯ್ತು. ಮಧ್ಯಪ್ರದೇಶದ ಮಹೂ ಊರಲ್ಲಿರೋ ಸಿಗ್ನಲ್ಸ್ ತರಬೇತಿ ಕಾಲೇಜು ಎಂಸಿಟಿಇಯಲ್ಲಿ ಕಲಿಕೆಯೂ ಗಟ್ಟಿ. ಹುಡುಗಿಯರಿಗೆ ದಾರಿ ಎಸ್‌ಎಸ್‌ಸಿಡಬ್ಲ್ಯು ಟೆಕ್, ಅಂದ್ರೆ ಮಹಿಳಾ ಎಂಜಿನಿಯರ್‌ಗಳ ಶಾರ್ಟ್ ಸರ್ವಿಸ್ ಎಂಟ್ರಿ. ಟಿಜಿಸಿ (ಎಂಜಿನಿಯರ್‌ಗಳನ್ನ ನೇರವಾಗಿ ಪರ್ಮನೆಂಟ್ ಆಫೀಸರ್ ಆಗಿ ಸೇರಿಸೋ ಎಂಟ್ರಿ) ಹುಡುಗರಿಗೆ ಮಾತ್ರ, ಅದರ ಆಸೆ ಬಿಡಿ. ತೊಡಕು ಏನಂದ್ರೆ, ಕಂಪ್ಯೂಟರ್ ಸೈನ್ಸ್ ಸೀಟಲ್ಲಿ ಆಯ್ಕೆಯಾದರೂ ಸಿಗ್ನಲ್ಸೇ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಅಕಾಡೆಮಿಯ ಮೆರಿಟ್, ನಿಮ್ಮ ಆಯ್ಕೆ, ಖಾಲಿ ಜಾಗ ಮೂರನ್ನೂ ನೋಡಿ ಹಂಚ್ತಾರೆ. ಇಎಂಇ (ಸೇನೆಯ ಯಂತ್ರ, ಉಪಕರಣ ರಿಪೇರಿ ವಿಭಾಗ) ಅಥವಾ ಎಂಜಿನಿಯರ್ಸ್ ಬಂದರೆ ರಿಪೇರಿ ವರ್ಕ್‌ಶಾಪು, ಸೇತುವೆ.

ಬರೀ ಸೈಬರೇ ಗುರಿ ಅಂದ್ರೆ ನನ್ನ ಓಟು ನೌಕಾಪಡೆಗೆ. ಸಮವಸ್ತ್ರವೇ ಮೊದಲು ಅಂದ್ರೆ ಸೇನೆ.

ಜಾಲಹಳ್ಳಿ ಕ್ರಾಸ್: ವಾಯುಪಡೆಗೆ ಎಎಫ್‌ಕ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು. ವರ್ಷಕ್ಕೆ ಎರಡು ಸಲ, 100 ಪ್ರಶ್ನೆ, 300 ಅಂಕ, ತಪ್ಪಿಗೆ ಒಂದು ಕಳೀತಾರೆ. ಕಂಪ್ಯೂಟರ್ ಸೈನ್ಸ್‌ನವರು ಬೀಳೋದು ಏರೋನಾಟಿಕಲ್ ಎಂಜಿನಿಯರ್ ಎಲೆಕ್ಟ್ರಾನಿಕ್ಸ್ ಬ್ರಾಂಚಿಗೆ. ಟ್ರೈನಿಂಗಿನ ಒಂದು ಭಾಗ ನಮ್ಮ ಜಾಲಹಳ್ಳಿಯ ಟೆಕ್ನಿಕಲ್ ಕಾಲೇಜಲ್ಲೇ. ಆದರೆ ಆ ಬ್ರಾಂಚಿನ ಹೊಟ್ಟೆಪಾಡು ರೇಡಾರು, ಏವಿಯಾನಿಕ್ಸು (ವಿಮಾನದೊಳಗಿನ ಎಲೆಕ್ಟ್ರಾನಿಕ್ಸು). ಸೈಬರ್ ಅಲ್ಲಿ ಉಪ್ಪಿನಕಾಯಿಯಷ್ಟು.

ಕಡೂರು ಪ್ಯಾಸೆಂಜರ್: ಬ್ರಾಕೆಟ್ಟಿನ ಹೆಸರಿಂದ ತೊಂದರೆ ಆಗುತ್ತಾ? ಸಿಇಎಚ್ ಅನ್ನೋ ಎಥಿಕಲ್ ಹ್ಯಾಕಿಂಗ್ ಸರ್ಟಿಫಿಕೇಟ್ ಮಾಡಿಸಿದರೆ ಎಸ್‌ಎಸ್‌ಬಿಯಲ್ಲಿ ತೂಕ ಬರುತ್ತಾ?

ಅರ್ಜಿ ಗುಮಾಸ್ತ: ಬ್ರಾಕೆಟ್ಟಿನಿಂದ ಖಂಡಿತ ಆಗಬಹುದು. ಸೇನೆಯ ನೋಟಿಫಿಕೇಶನ್ ಕೊನೇಲಿ ಯಾವ ಸ್ಟ್ರೀಮಿಗೆ ಯಾವ ಹೆಸರು ಸಮಾನ ಅಂತ ಪಟ್ಟಿ ಇರುತ್ತೆ. ಮಾರ್ಕ್ಸ್ ಕಾರ್ಡಲ್ಲಿ ಇರೋ ಹೆಸರನ್ನ ಅಕ್ಷರಕ್ಕಕ್ಷರ ಅದರ ಜೊತೆ ಹೋಲಿಸಿ. ಅರ್ಜಿಯಲ್ಲಿ ಒಂದು, ಡಿಗ್ರಿಯಲ್ಲಿ ಇನ್ನೊಂದು ಇದ್ದರೆ ಎಸ್‌ಎಸ್‌ಬಿ ಪಾಸಾದ ಮೇಲೂ ರದ್ದು ಮಾಡ್ತಾರೆ. ಬ್ರಾಕೆಟ್ ಬಿಟ್ಟು ಬರೀ ಕಂಪ್ಯೂಟರ್ ಸೈನ್ಸ್ ಅಂತ ತುಂಬೋ ಜಾಣತನ ಬೇಡ. ಸಿಜಿಪಿಎಯನ್ನ ಶೇಕಡಾಕ್ಕೆ ತಿರುಗಿಸೋ ಸೂತ್ರದ ಪತ್ರವನ್ನ ವಿಟಿಯುನಿಂದ ಈಗಲೇ ತೆಗೆಸಿಡಿ.

ಸಿಇಎಚ್‌ಗೆ ಎಸ್‌ಎಸ್‌ಬಿಯಲ್ಲಿ ಅಂಕ ಇಲ್ಲ. ಐದು ದಿನದ ಪರೀಕ್ಷೆ ಅದು, ಮೊದಲ ದಿನದ ಚಿತ್ರ ನೋಡಿ ಕಥೆ ಬರೆಯೋ ಸುತ್ತಲ್ಲೇ ಬಹಳ ಮಂದಿ ವಾಪಸ್. ಆಮೇಲೆ 60 ಪದ ತೋರಿಸ್ತಾರೆ, ಒಂದೊಂದಕ್ಕೆ 15 ಸೆಕೆಂಡಲ್ಲಿ ವಾಕ್ಯ ಬರೀಬೇಕು. ಅರ್ಧ ಗಂಟೇಲಿ 60 ಸನ್ನಿವೇಶ, ನೀವಾದರೆ ಏನು ಮಾಡ್ತೀರಿ ಅಂತ ಬರೀಬೇಕು. ಆ ದುಡ್ಡನ್ನ ಸರ್ಟಿಫಿಕೇಟಿಗೆ ಸುರಿಯೋ ಬದಲು ತಂಗಿ ದಿನಾ ಓಡಲಿ, ಗುಂಪಿನಲ್ಲಿ ಬಾಯಿಬಿಟ್ಟು ಮಾತಾಡೋದು ಕಲೀಲಿ. ಫೈನಲ್ ಇಯರ್ ಪ್ರಾಜೆಕ್ಟನ್ನ ಮಾತ್ರ ತಳಮಟ್ಟದಿಂದ ವಿವರಿಸೋಕೆ ಬರಬೇಕು, ಇಂಟರ್‌ವ್ಯೂನಲ್ಲಿ ಕೆದಕ್ತಾರೆ.

ಇನ್ನೊಂದು: ಅನುಮತಿ ಇಲ್ಲದೆ ಯಾರದೋ ಸೈಟನ್ನ 'ಟೆಸ್ಟ್' ಮಾಡೋ ಚಟ ಇದ್ದರೆ ಇವತ್ತೇ ನಿಲ್ಲಿಸಲಿ. ಐಟಿ ಕಾಯ್ದೆ ಸೆಕ್ಷನ್ 66ರಲ್ಲಿ ಮೂರು ವರ್ಷದವರೆಗೆ ಜೈಲಿದೆ. ಕೇಸು ದಾಖಲಾದರೆ ಪೊಲೀಸ್ ವೆರಿಫಿಕೇಶನ್ ದಾಟೋದು ಕಷ್ಟ.

ತಂತಿ ಟಪಾಲು: ಒಂದು ಬಿಟ್ಟುಹೋಗಿತ್ತು. ನಾನು ಹೇಳಿದ ಎರಡೂ ಶಾರ್ಟ್ ಸರ್ವಿಸ್: 10 ವರ್ಷ, ಬೇಕಾದರೆ ಇನ್ನು 4. ಆಫೀಸರ್ ಪೆನ್ಶನ್ನಿಗೆ 20 ವರ್ಷ ಆಗಬೇಕು, ಹಾಗಾಗಿ 14ಕ್ಕೆ ಹೊರಬಂದರೆ ಗ್ರಾಚ್ಯುಟಿ ಅಷ್ಟೇ. ಪರ್ಮನೆಂಟ್ ಕಮಿಷನ್ (ನಿವೃತ್ತಿವರೆಗಿನ ಸೇವೆ) ಹೆಣ್ಣುಮಕ್ಕಳಿಗೂ ತೆರೆದಿದೆ, 2020ರ ಸುಪ್ರೀಂ ಕೋರ್ಟ್ ತೀರ್ಪು. ಪೋಸ್ಟಿಂಗ್ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತೆ, ಸೈಬರ್ ಕುರ್ಚಿಯಿಂದ ಎದ್ದು ಆಡಳಿತದ ಕಡತ ನೋಡೋ ವರ್ಷಗಳೂ ಬರ್ತವೆ. ಅದು ಒಗ್ಗಲ್ಲ ಅಂದ್ರೆ ಗೇಟ್ ಪರೀಕ್ಷೆ ಬರೆದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಜ್ಞಾನಿ ಹುದ್ದೆಗೆ ಹಾಕಲಿ, ಮಾಹಿತಿ ಭದ್ರತೆಯ ಮೇಲೆ ಕೆಲಸ ಮಾಡೋ ಅವರ ಕೇರ್ ಲ್ಯಾಬ್ ಬೆಂಗಳೂರಲ್ಲೇ ಇದೆ.