ಡಾಕ್ಟರು ಅಪ್ಪನ ರಕ್ತ ಸಂಶೋಧನೆಗೂ ಕೇಳ್ಯಾರ, ಹೂಂ ಅನ್ನಬೇಕೋ ಬ್ಯಾಡೋ?

ಬೆಟಗೇರಿ_ಮಗ್ಗ:
ನಮ್ಮಪ್ಪ ಬೆಟಗೇರಿಯೊಳಗ ಸೀರಿ ನೇಯ್ತಾನ, ವಯಸ್ಸು 58. ಹೊಟ್ಟಿ ಎಡಗಡೆ ಬಿಗಿಯಾಗಿ ಊಟ ಸೇರವಲ್ದಾಗಿತ್ತು. ರಕ್ತ ತಪಾಸಿದ್ರ ಬಿಳಿ ಕಣ ವಿಪರೀತ ಏರಿದ್ವು. ಹುಬ್ಬಳ್ಳಿಯೊಳಗ ಸಿಎಂಎಲ್ ಅಂದ್ರು, ಅಂದ್ರ ಒಂದು ನಮೂನಿ ರಕ್ತದ ಕ್ಯಾನ್ಸರ್, ಇಮ್ಯಾಟಿನಿಬ್ 400 ಮಿಲಿಗ್ರಾಂ ಗುಳಿಗಿ ಚಾಲೂ ಆಗೇತಿ. ಮೊನ್ನೆ ಡಾಕ್ಟರು ಒಂದು ಸಮ್ಮತಿ ಪತ್ರ ಕೊಟ್ಟು, ಟೆಸ್ಟಿಗೆ ತೆಗೆಯೂ ರಕ್ತದಾಗ ಸ್ವಲ್ಪ ಸಂಶೋಧನೆಗೆ ಇಟ್ಕೊಳ್ತೀವಿ, ವಿಚಾರ ಮಾಡಿ ಹೇಳ್ರಿ ಅಂದ್ರು. "ನಿಮ್ಮಪ್ಪನ್ನ ಪ್ರಯೋಗಕ್ಕ ಹಚ್ಯಾರೇನು" ಅಂತ ಅವ್ವಗ ಅಂಜಿಕಿ. ಅಪ್ಪ ನೋಡಿದ್ರ, ಒಲ್ಲೆ ಅಂದ್ರ ಡಾಕ್ಟರು ಸಿಟ್ಟಾದಾರು ಅಂತ ಓದದ ಸಹಿ ಮಾಡಾಕ ನಿಂತಾನ. ನನಗ ಎರಡೂ ಸರಿ ಅನಸವಲ್ದು.

ರಾಣೇಬೆನ್ನೂರು_ಮಾಸ್ತರ:
ತಂಗಿ, ನನಗೂ ಇದೇ ರೋಗ. 2011ರಿಂದ ಇದೇ ಗುಳಿಗಿ, ಊಟದ ಜೊತಿ, ದೊಡ್ಡ ಗ್ಲಾಸ್ ತುಂಬ ನೀರು. ಇವತ್ತಿಗೂ ಸಾಲಿಗೆ ಹೋಗಿ ಪಾಠ ಮಾಡ್ತೀನಿ. ಮೊದಲ ಇದನ್ನ ಅವ್ವಗ ಹೇಳವಾ.

ಈ ಗುಳಿಗಿ ಬಂದದ್ದ ರೋಗಿಗಳು ಕೊಟ್ಟ ರಕ್ತದಿಂದ. 1960ರಾಗ ಫಿಲಡೆಲ್ಫಿಯಾದ ನೊವೆಲ್, ಹಂಗರ್‌ಫೋರ್ಡ್ ಅನ್ನೂ ಇಬ್ಬರು ಸಂಶೋಧಕರು ಸಿಎಂಎಲ್ ರೋಗಿಗಳ ರಕ್ತಕಣದಾಗ ಒಂದು ಗಿಡ್ಡ ಕ್ರೋಮೋಸೋಮ್ (ವಂಶವಾಹಿ ಹೊತ್ತ ಎಳಿ) ಕಂಡ್ರು. 9 ಮತ್ತ 22ನೇ ಕ್ರೋಮೋಸೋಮಿನ ತುದಿ ಅದಲುಬದಲಾಗಿ ಅದು ಹಂಗ ಆಗೇತಿ ಅಂತ 1973ರಾಗ ಶಿಕಾಗೋದ ಸಂಶೋಧಕಿ ಜಾನೆಟ್ ರೌಲಿ ತೋರಿಸಿದ್ರು. ಆ ಅದಲುಬದಲಿನಿಂದ ಹುಟ್ಟೂ ಬಿಸಿಆರ್-ಎಬಿಎಲ್ ಅನ್ನೂ ಪ್ರೋಟೀನು ಬಿಳಿ ಕಣ ಬೆಳೆಯೂದನ್ನ ನಿಲ್ಲಗೊಡೂದಿಲ್ಲ. ಅದನ್ನ ತಡೆಯೂದ ಇಮ್ಯಾಟಿನಿಬ್. ಓರೆಗಾನ್‌ದ ಬ್ರಯಾನ್ ಡ್ರೂಕರ್ ರೋಗಿಗಳನ್ನ ನೋಡೂ ಡಾಕ್ಟರೂ ಹೌದು, ಲ್ಯಾಬಿನಾಗ ಈ ಔಷಧ ಪರೀಕ್ಷೆ ಮಾಡಿದವರೂ ಹೌದು. 1998ರಾಗ ರೋಗಿಗಳಿಗೆ ಕೊಡಾಕ ಸುರು ಮಾಡಿದ್ರು. ಇಂಟರ್‌ಫೆರಾನ್ ಅನ್ನೂ ಮೊದಲಿನ ಔಷಧ ಹತ್ತದ 54 ಮಂದಿಗೆ ಇಮ್ಯಾಟಿನಿಬ್ 300 ಮಿಲಿಗ್ರಾಂ ಇಲ್ಲಾ ಅದಕ್ಕೂ ಹೆಚ್ಚು ಕೊಟ್ರ, 53 ಮಂದಿಯ ರಕ್ತಕಣದ ಲೆಕ್ಕ ಹದಕ್ಕ ಬಂತು. ಆ ಮಂದಿ ಹೂಂ ಅಂದದ್ದಕ್ಕ ನಾನು ಬದುಕೀನಿ. ನನ್ನ ರಕ್ತ ಕೇಳಿದಾಗ ನಾನೂ ಹೂಂ ಅಂದೆ, ಆದ್ರ ಓದಿ ಅಂದೆ.

ಧಾರವಾಡ_ನರ್ಸ್:
ರಕ್ತದ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ನನ್ನದು, ಇಂಥ ಪತ್ರಗಳನ್ನು ಓದಿ ಹೇಳುತ್ತಿರುತ್ತೇನೆ. ಅಪ್ಪನವರಿಗೆ ಹೊಸ ಔಷಧ ಕೊಡುತ್ತಾರೋ, ಬರೀ ರಕ್ತ ಇಟ್ಟುಕೊಳ್ಳುತ್ತಾರೋ ಅಂತ ಮೊದಲು ಕೇಳಿ, ಎರಡೂ ಬೇರೆ. ಪತ್ರ ಕನ್ನಡದಲ್ಲೇ ಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಸಂಶೋಧನೆ ರೋಗಿಗಳಿಗೆ ನ್ಯಾಯವಾಗಿದೆಯೇ ಅಂತ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಆಗಿದೆಯಾ, ಹೆಸರು ಗುಟ್ಟಾಗಿ ಇಡುತ್ತಾರಾ, ಅದೂ ಕೇಳಿ. ಒಲ್ಲೆ ಅಂದರೂ, ನಾಳೆ ಮನಸ್ಸು ಬದಲಾದರೂ ಚಿಕಿತ್ಸೆ ಹಾಗೇ ನಡೆಯಬೇಕು. ಅಪ್ಪ ಹೆದರಿ ಸಹಿ ಮಾಡಿದರೆ ಅದು ಸಮ್ಮತಿಯೇ ಅಲ್ಲ ರೀ.

ಇನ್ನೊಂದು ಮಾತು. ಬಿಸಿಆರ್-ಎಬಿಎಲ್ ಟೆಸ್ಟು ಸಂಶೋಧನೆಗಲ್ಲ, ಅಪ್ಪನ ಚಿಕಿತ್ಸೆಗೇ ಬೇಕು. ರಕ್ತದಲ್ಲಿ ಬಿಸಿಆರ್-ಎಬಿಎಲ್ ಪ್ರಮಾಣ ಮೂರು ತಿಂಗಳಿಗೆ ಶೇ. 10ಕ್ಕೆ, ವರ್ಷಕ್ಕೆ ಶೇ. 0.1ಕ್ಕೆ ಇಳಿದಿರಬೇಕು ಅಂತ ನೋಡುತ್ತಾರೆ. ಪತ್ರಕ್ಕೆ ಒಲ್ಲೆ ಅಂದರೂ ಅದನ್ನು ತಪ್ಪಿಸಬೇಡಿ.

ಬೆಟಗೇರಿ_ಮಗ್ಗ:
ಗುರುವಾರ ಅವ್ವನ್ನೂ ಕರಕೊಂಡು ಹೋಗಿ ಎಲ್ಲಾ ಕೇಳ್ತೀವ್ರಿ. ಸರ, ಅಪ್ಪಗ ರಾತ್ರಿ ಮೀನಖಂಡ ಸೆಳೀತಾವ, ಕಣ್ಣ ಸುತ್ತ ಬಾತೇತಿ. ನಿಮಗೂ ಆಗ್ತಿತ್ತೇನ್ರಿ?

ರಾಣೇಬೆನ್ನೂರು_ಮಾಸ್ತರ:
ಎರಡೂ ಆಗ್ತಿದ್ವು, ಬರಬರತ ಕಡಿಮಿ ಆದ್ವು. ಗುರುವಾರ ಡಾಕ್ಟರಿಗೆ ಹೇಳ್ರಿ. ಅಲ್ಲಿತನಕ ಗುಳಿಗಿ ಒಂದಿನಾನೂ ಬಿಡಬ್ಯಾಡ್ರಿ.